ಕೆಜಿಎಫ್‌ನ ಹಳೆ ಚರ್ಚ್ ಕಟ್ಟಡ ಕೋವರ್ಕಿಂಗ್‌ಗೆ ಆಗುತ್ತಾ? ಸಲಹೆ ಬೇಕು

ಮಾರಿಕುಪ್ಪಂ ಪ್ಯಾಸೆಂಜರ್:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಾವು ಐದಾರು ಜನ ಸ್ನೇಹಿತರು, ಎಲ್ಲರೂ ಕೆಜಿಎಫ್‌ನವರೇ. ಎಲ್ಲರಿಗೂ ಬೆಂಗಳೂರಿನಲ್ಲಿ ಕೆಲಸ. ಬೆಳಗಿನ ಮಾರಿಕುಪ್ಪಂ ಟ್ರೈನಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಈಗ ವಾರದಲ್ಲಿ ಎರಡು ಮೂರು ದಿನ ಆಫೀಸಿಗೆ ಹೋದರೆ ಸಾಕು, ಉಳಿದ ದಿನ ಮನೆಯಿಂದಲೇ ಕೆಲಸ. ಆದರೆ ಯಾವ ಮನೆ? ನಮ್ಮಲ್ಲಿ ಅರ್ಧ ಜನ ಈಗಲೂ ಗಣಿ ಲೈನ್ ಮನೆಗಳಲ್ಲೇ ಇದ್ದೇವೆ. ಒಂದು ರೂಮು, ಒಂದು ಅಡುಗೆಮನೆ. ಮ್ಯಾನೇಜರ್ ಏನೋ ಗಂಭೀರವಾಗಿ ಹೇಳುತ್ತಿದ್ದರೆ ಇಲ್ಲಿ ಕುಕ್ಕರ್ ಕೂಗುತ್ತೆ.

ನಮ್ಮ ಏರಿಯಾದಲ್ಲಿ ಒಂದು ಹಳೆ ಪ್ರೊಟೆಸ್ಟೆಂಟ್ ಚರ್ಚ್ ಇದೆ. ಹೆಸರು ಈಗಲೇ ಬೇಡ. ಗಣಿ ಕಂಪನಿ ಕಾಲದ್ದು. ಗಣಿ ಮುಚ್ಚಿದ ಮೇಲೆ ಕುಟುಂಬಗಳು ಚದುರಿ ಹೋದವು, ಉಳಿದವರು ರಾಬರ್ಟ್‌ಸನ್‌ಪೇಟೆ ಕಡೆಯ ದೊಡ್ಡ ಚರ್ಚಿಗೆ ಹೋಗುತ್ತಾರೆ. ಇದು ಕ್ರಿಸ್‌ಮಸ್ ಹೊತ್ತಿಗೆ ಒಂದು ದಿನ ತೆಗೆಯುತ್ತೆ, ಆಮೇಲೆ ಬೀಗ. ಕಲ್ಲಿನ ಗೋಡೆ, ಹೆಂಚಿನ ಮಾಡು, ಒಳಗೆ ಮಾಡನ್ನು ಹೊರುವ ಮರದ ಚೌಕಟ್ಟು, ಅಂದರೆ ಟ್ರಸ್. ಕಿಟಕಿಗಳು ಎತ್ತರ, ಬೆಳಕು ಭರ್ತಿ. ಹಾಲ್ ಸುಮಾರು 60 ಅಡಿ ಉದ್ದ, 28 ಅಡಿ ಅಗಲ. ಪಕ್ಕದಲ್ಲೇ ಸಂಡೇ ಸ್ಕೂಲ್ ನಡೆಯುತ್ತಿದ್ದ ಒಂದು ಸಣ್ಣ ಕಟ್ಟಡವೂ ಇದೆ.

ಇದನ್ನು ಬಾಡಿಗೆಗೆ ತೆಗೆದುಕೊಂಡು ಬೇರೆ ಬೇರೆ ಕಂಪನಿಯವರು ದುಡ್ಡು ಕೊಟ್ಟು ಒಟ್ಟಿಗೆ ಕೂತು ಕೆಲಸ ಮಾಡುವ 25-30 ಸೀಟಿನ ಕೋವರ್ಕಿಂಗ್ ಜಾಗ ಮಾಡಿದರೆ ಹೇಗೆ? ಒಳ್ಳೆ ಇಂಟರ್ನೆಟ್, ಯುಪಿಎಸ್, ಎರಡು ಮೀಟಿಂಗ್ ರೂಮು, ಟೀ. ಅಷ್ಟೇ. ಇಂಥ ಕೆಲಸ ಮಾಡಿದವರು, ನೋಡಿದವರು ಯಾರಾದರೂ ಇದ್ದರೆ ತಿಳಿಸಿ.

ಟೇಕಲ್ ತಿಂಡಿಪೋತ:

ಟೀ ಜೊತೆ ಮಸಾಲೆ ವಡೆ ಇದ್ದರೆ ನಾನು ಮೊದಲ ಮೆಂಬರ್.

ಕೋಟೆ ಬೀದಿ ಕೋಲಾರ:

ಕೋಪ ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ಕೋಲಾರಮ್ಮನ ಗುಡಿಯ ಮುಖಮಂಟಪದಲ್ಲಿ ಟೇಬಲ್ ಹಾಕಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೀರಾ? ಸೋಮೇಶ್ವರನ ಕಲ್ಯಾಣ ಮಂಟಪದಲ್ಲಿ ಮೀಟಿಂಗ್ ರೂಮು ಮಾಡುತ್ತೀರಾ? ಇಲ್ಲ ತಾನೇ? ಹಾಗಾದರೆ ಚರ್ಚ್ ಅಂದ ತಕ್ಷಣ ಅದು ಬರೀ ‘ಕಟ್ಟಡ’ ಹೇಗಾಯಿತು? ಜನ ಕಡಿಮೆಯಾದರು ಅಂತ ದೇವರ ಜಾಗ ಗೋಡೌನ್ ಆಗಲ್ಲ. ನಾನು ಕ್ರೈಸ್ತ ಅಲ್ಲ, ಆದರೂ ಇದು ಸರಿ ಅನಿಸುತ್ತಿಲ್ಲ.

ಮಾರಿಕುಪ್ಪಂ ಪ್ಯಾಸೆಂಜರ್:

ಗೋಡೌನ್ ಮಾಡೋಣ ಅಂತ ಯಾರೂ ಹೇಳಿಲ್ಲ ಸರ್. ಹೀಗೇ ಬಿಟ್ಟರೆ ಇನ್ನೊಂದು ನಾಲ್ಕೈದು ಮಳೆಗಾಲಕ್ಕೆ ಮಾಡು ಕೂರುತ್ತೆ. ಹಾಸನದ ಶೆಟ್ಟಿಹಳ್ಳಿ ಚರ್ಚ್ ನೋಡಿದ್ದೀರಲ್ವಾ? ಹೇಮಾವತಿ ಹಿನ್ನೀರಿಗೆ ಸಿಕ್ಕಿ ಈಗ ಪ್ರೀ ವೆಡ್ಡಿಂಗ್ ಶೂಟ್ ಮಾಡುವ ಜಾಗ ಆಗಿದೆ. ಅದಕ್ಕಿಂತ ಜನ ಕೂತು ಕೆಲಸ ಮಾಡುವುದು ವಾಸಿ ಅಲ್ವಾ?

ರಾಕೆಟ್ ರಾಗಿಮುದ್ದೆ:

ಚಿಂತಾಮಣಿಯಿಂದ. ಈ ಚರ್ಚೆಯಲ್ಲಿ ಇಷ್ಟು ಹೊತ್ತಾದರೂ ಕೇರಳದ ‘ತುಂಬಾ’ ಎಂಬ ಊರಿನ ಹೆಸರು ಯಾರೂ ಎತ್ತಿಲ್ಲವಲ್ಲ!

ನಮ್ಮ ದೇಶದಲ್ಲಿ ಚರ್ಚ್ ಒಂದು ಆಫೀಸಾದ ದೊಡ್ಡ ಕಥೆ ಅದೇ. 1960ರ ದಶಕದ ಶುರು. ರಾಕೆಟ್ ಹಾರಿಸಲು ಭೂಮಿಯ ಕಾಂತೀಯ ಸಮಭಾಜಕ ರೇಖೆಗೆ ಹತ್ತಿರದ ಜಾಗ ಬೇಕಿತ್ತು. ಹುಡುಕಿದಾಗ ತಿರುವನಂತಪುರದ ಪಕ್ಕದ ತುಂಬಾ ಎಂಬ ಮೀನುಗಾರರ ಹಳ್ಳಿ ಸಿಕ್ಕಿತು. ಆ ಜಾಗದಲ್ಲಿ ಸೇಂಟ್ ಮೇರಿ ಮ್ಯಾಗ್ದಲೀನ್ ಚರ್ಚ್ ಇತ್ತು, ಬಿಷಪ್ ಮನೆ ಇತ್ತು, ಸುತ್ತ ಬೆಸ್ತರ ಮನೆಗಳಿದ್ದವು. ವಿಕ್ರಮ್ ಸಾರಾಭಾಯಿ ನೇರ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರ ಹತ್ತಿರ ಹೋದರು. ಬಿಷಪ್ ಆವಾಗಲೇ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಭಾನುವಾರದ ಪೂಜೆಗೆ ಬನ್ನಿ ಅಂದರು. ಅಲ್ಲಿ ಸೇರಿದ್ದ ಜನರ ಮುಂದೆ ವಿಷಯ ಇಟ್ಟು, ಕೊಡೋಣವಾ ಅಂತ ಅವರನ್ನೇ ಕೇಳಿದರು. ಜನ ಒಪ್ಪಿದರು. ಇದನ್ನು ಕಲಾಂ ಅವರು ಎಷ್ಟೋ ಭಾಷಣಗಳಲ್ಲಿ ಹೇಳುತ್ತಿದ್ದರು.

ಆಮೇಲೆ ಪ್ರಾರ್ಥನೆ ಮಾಡುತ್ತಿದ್ದ ಜಾಗ ಕಲಾಂ ಅವರ ಮೊದಲ ಪ್ರಯೋಗಾಲಯ ಆಯಿತು. ಬಿಷಪ್ ಇದ್ದ ಕೋಣೆಯಲ್ಲಿ ಡ್ರಾಯಿಂಗ್ ಕೆಲಸ. 1963ರ ನವೆಂಬರ್ 21ಕ್ಕೆ ಅಲ್ಲಿಂದ ಮೊದಲ ರಾಕೆಟ್ ಹಾರಿತು, ಅಮೆರಿಕದ ನೈಕಿ ಅಪಾಚಿ. ಊರಿನವರಿಗೆ ಬೇರೆ ಕಡೆ ಜಾಗ, ಹೊಸ ಚರ್ಚ್ ಆಯಿತು. ಹಳೆ ಚರ್ಚ್ ಕೆಡವಲಿಲ್ಲ. ಇವತ್ತು ಅದು ಇಸ್ರೋದ ಬಾಹ್ಯಾಕಾಶ ಮ್ಯೂಸಿಯಂ.

ಕೋಟೆ ಬೀದಿಯವರ ಪ್ರಶ್ನೆಗೆ ಇದರಲ್ಲೇ ಉತ್ತರ ಇದೆ ಅಂತ ನನಗೆ ಅನಿಸುತ್ತೆ. ಮಾಡಬಹುದಾ ಅಂತ ನಾವು ಇಲ್ಲಿ ತಲೆ ಕೆಡಿಸಿಕೊಂಡು ಏನು ಪ್ರಯೋಜನ? ಆ ಚರ್ಚಿನ ಜನರನ್ನು ಕೇಳಿದ್ದೀರಾ?

ಕೋಟೆ ಬೀದಿ ಕೋಲಾರ:

‘ತುಂಬಾ’ ಊರಿನ ಮಾತು ಬೇರೆ. ಅದು ದೇಶದ ಕೆಲಸ. ಇದು ಐದು ಜನರ ಬಿಸಿನೆಸ್.

ರಾಕೆಟ್ ರಾಗಿಮುದ್ದೆ:

ಒಪ್ಪಿದೆ. ಹಾಗಾಗಿ ಇಲ್ಲಿ ಇನ್ನೂ ಜಾಸ್ತಿ ಕೇಳಬೇಕು.

ಊರಿಗಾಂ ಟೀಚರ್:

ನಾನು ಆ ಚರ್ಚಿನ ಸಭೆಗೆ ಸೇರಿದವಳು. ಹೆಸರು ಹಾಕದಿದ್ದರೂ ಯಾವುದು ಅಂತ ಗೊತ್ತಾಯಿತು. 28 ಅಡಿ ಅಗಲದ್ದು ಇಲ್ಲಿ ಅದೊಂದೇ. ತಮ್ಮಾ, ನೀನು ಯಾರ ಮಗ ಅಂತಲೂ ಅಂದಾಜು ಇದೆ, ಇರಲಿ.

ನಮ್ಮ ಮನೆಯಲ್ಲಿ ಮೂರು ತಲೆಮಾರಿನವರಿಗೆ ಅಲ್ಲೇ ದೀಕ್ಷಾಸ್ನಾನ ಆಗಿದೆ. ನನ್ನ ಮದುವೆಯೂ ಅಲ್ಲೇ. ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಸುರಂಗಕ್ಕೆ ಮರದ ಆಸರೆ ಕೊಡುವ ಟಿಂಬರಿಂಗ್ ಕೆಲಸ ಮಾಡುತ್ತಿದ್ದರು. ಭಾನುವಾರದ ಆರಾಧನೆ ನಡೆಯುತ್ತಿರುವಾಗಲೇ ಕೆಳಗೆ ಗಣಿಯಲ್ಲಿ ಬಂಡೆ ಸಿಡಿದು, ಅಂದರೆ ರಾಕ್ ಬರ್ಸ್ಟ್ ಆಗಿ, ಕಿಟಕಿ ಗಾಜು ಗಡಗಡ ಅಂದಿದ್ದು ನನಗೆ ನೆನಪಿದೆ. ಹಾಡು ಅಲ್ಲಿಗೇ ನಿಂತಿತು. ಯಾರ ಮನೆಯವರು ಆ ಶಿಫ್ಟಿನಲ್ಲಿದ್ದರೋ ಅವರೆಲ್ಲ ಎದ್ದು ಶಾಫ್ಟ್ ಕಡೆ ಓಡಿದರು. ಬಲಗಡೆಯ ಎರಡನೇ ಕಿಟಕಿಯ ಮೇಲೆ ಗೋಡೆಯಲ್ಲಿ ಒಂದು ಬಿರುಕು ಇದೆಯಲ್ಲ, ಆ ಕಾಲದ್ದು.

ಆದ್ದರಿಂದ ನನಗೆ ಅದು ಬರೀ ಕಟ್ಟಡ ಅಲ್ಲ. ಆದರೆ ಇನ್ನೊಂದು ಮಾತೂ ಹೇಳಬೇಕು. ಈಗ ಅದರೊಳಗೆ ಇರುವುದು ಪಾರಿವಾಳ. ಕ್ರಿಸ್‌ಮಸ್‌ಗೆ ಮೊದಲು ನಾವು ನಾಲ್ಕು ಜನ ಮುದುಕಿಯರು ಹೋಗಿ ಹಿಕ್ಕೆ ಗುಡಿಸುತ್ತೇವೆ. ಮಂಡಿ ನೋವು ಬಂದಿದೆ. ಯಾರಾದರೂ ದಿನಾ ಬಾಗಿಲು ತೆಗೆದು ಕಿಟಕಿ ತೆರೆದರೆ ನನಗೆ ಸಂತೋಷವೇ. ಯಾರು, ಹೇಗೆ ಅನ್ನುವುದು ಮುಖ್ಯ. ಸಭೆಯನ್ನು ಕೇಳದೆ ಮೇಲಿನವರ ಹತ್ತಿರ ಹೋಗಿ ಸಹಿ ಮಾಡಿಸಿಕೊಂಡು ಬಂದರೆ ಮಾತ್ರ ನಾನೇ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ.

ಮಾರಿಕುಪ್ಪಂ ಪ್ಯಾಸೆಂಜರ್:

ಟೀಚರ್, ನಮಸ್ಕಾರ. ನೀವು ಇಲ್ಲಿ ಇದ್ದೀರಿ ಅಂತ ಗೊತ್ತಿರಲಿಲ್ಲ. ಮನೆಗೇ ಬಂದು ಮಾತಾಡುತ್ತೇನೆ.

ಗಾರೆ ಸುಣ್ಣ:

ಮಾಲೂರಿನಿಂದ. ಹಳೆ ಕಟ್ಟಡಗಳ ರಿಪೇರಿ ನನ್ನ ಹೊಟ್ಟೆಪಾಡು. ಮನೆ, ಛತ್ರ, ಎರಡು ಚರ್ಚ್ ಮಾಡಿದ್ದೇನೆ. ಯುಪಿಎಸ್, ಇಂಟರ್ನೆಟ್ ಎಲ್ಲ ಆಮೇಲೆ. ಮೊದಲು ಮಾಡಿನ ಸ್ಥಿತಿ ನೋಡಿ.

ಹೆಂಚು ಒಡೆದಿದ್ದರೆ ಬದಲಾಯಿಸಬಹುದು, ಅದು ದೊಡ್ಡ ವಿಷಯವಲ್ಲ. ಕೆಳಗಿನ ಮರ ಹೇಗಿದೆ ನೋಡಿ. ಟ್ರಸ್‌ನ ತುದಿ ಗೋಡೆಯೊಳಗೆ ಕೂರುವ ಜಾಗದಲ್ಲೇ ಗೆದ್ದಲು ಹಿಡಿಯುವುದು, ಅಲ್ಲೇ ನೀರೂ ಇಳಿಯುವುದು. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಒತ್ತಿ. ಠಣ್ ಅಂದರೆ ಬಚಾವ್. ಬೆಣ್ಣೆಗೆ ಹೋದ ಹಾಗೆ ಒಳಗೆ ಹೋದರೆ ಆ ತುದಿ ಕತ್ತರಿಸಿ ಹೊಸ ಮರ ಕೂಡಿಸಬೇಕು. ಇಡೀ ಟ್ರಸ್ ಬದಲಾಯಿಸಿ ಅಂತ ಹೇಳುವ ಮೇಸ್ತ್ರಿಯನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಹೆಂಚು ಇಳಿಸಿದಾಗ ಹಿಂಬದಿಯ ಅಚ್ಚು ನೋಡಿ, ಯಾವ ಕಾರ್ಖಾನೆಯದು ಅಂತ ಅಲ್ಲೇ ಇರುತ್ತೆ. ಮಂಗಳೂರಿನದ್ದೋ ನಮ್ಮ ಮಾಲೂರಿನದ್ದೋ ತಿಳಿಯುತ್ತೆ. ಅಳತೆ ಒಂದು ಚೂರು ಬೇರೆಯಾದರೂ ಹಳೆದರ ಜೊತೆ ಹೊಸದು ಕೂರಲ್ಲ. ಹಾಗಾಗಿ ಗಟ್ಟಿ ಇರುವ ಹಳೆ ಹೆಂಚೆಲ್ಲ ರಸ್ತೆ ಕಡೆಗೆ, ಹೊಸದು ಹಿಂದಿನ ಕಡೆಗೆ.

ಎರಡನೆಯದು ಗೋಡೆ. ಒಳಗಡೆ ನೆಲದಿಂದ ಮೂರಡಿ ಎತ್ತರದವರೆಗೆ ಯಾರೋ ಸಿಮೆಂಟ್ ಪ್ಲಾಸ್ಟರ್ ಮಾಡಿರುತ್ತಾರೆ, ನೋಡದೇ ಹೇಳಬಲ್ಲೆ. ಎಲ್ಲ ಹಳೆ ಚರ್ಚಿನಲ್ಲೂ ಇದೇ ಕಥೆ. ತೇವ ಬರುತ್ತೆ ಅಂತ ಸಿಮೆಂಟ್ ಬಳಿಯುತ್ತಾರೆ. ಹಳೆ ಗೋಡೆಯ ಗಾರೆ ತೇವವನ್ನು ಹೊರಗೆ ಬಿಡುತ್ತಿತ್ತು. ಸಿಮೆಂಟ್ ಬಿಡಲ್ಲ. ನೀರು ಗೋಡೆಯೊಳಗೇ ಮೇಲೇರಿ ಸಿಮೆಂಟ್ ಮುಗಿಯುವ ಕಡೆ ಉಪ್ಪು ಉಪ್ಪಾಗಿ ಉದುರುತ್ತೆ. ಆವಾಗ ಇನ್ನೂ ಎರಡಡಿ ಸಿಮೆಂಟ್! ಮದ್ದು ಒಂದೇ. ಸಿಮೆಂಟ್ ಕಿತ್ತು, ಒಂದು ಬೇಸಿಗೆ ಪೂರ್ತಿ ಹಾಗೇ ಒಣಗಲು ಬಿಟ್ಟು, ಸುಣ್ಣ ಮತ್ತು ಸುರ್ಕಿ (ಇಟ್ಟಿಗೆ ಪುಡಿ) ಗಾರೆ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುವ ಮೇಸ್ತ್ರಿಗಳು ಇನ್ನೂ ಇದ್ದಾರೆ, ಹುಡುಕಬೇಕು. ಮೇಲೆ ಸುಣ್ಣವೇ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ನಾನು ಆ ಕಡೆ ತಲೆ ಹಾಕಲ್ಲ.

ಟೀಚರಮ್ಮ ಹೇಳಿದ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದಿಡಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗಾಡುತ್ತಿದೆ ಅಂತ ಅರ್ಥ.

ಮಾರಿಕುಪ್ಪಂ ಪ್ಯಾಸೆಂಜರ್:

ಸಿಮೆಂಟ್ ಇದೆ ಸರ್. ಮೂರಲ್ಲ, ನಾಲ್ಕಡಿ.

ಗಾರೆ ಸುಣ್ಣ:

ಹೇಳಲಿಲ್ವಾ.

ಡಚ್ಚರ ನಾಡಿನ ಮುಳಬಾಗಿಲು:

ನಾನು ಈಗ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ. ಇಲ್ಲಿ ಚರ್ಚ್‌ಗಳು ಏನೇನಾಗಿವೆ ಅಂತ ನೋಡಿದರೆ ತಲೆ ತಿರುಗುತ್ತೆ. ಮಾಸ್ಟ್ರಿಕ್ಟ್‌ನಲ್ಲಿ 1294ರಲ್ಲಿ ಪ್ರತಿಷ್ಠೆಯಾದ ಡೊಮಿನಿಕನ್ ಚರ್ಚ್ ಇದೆ. ಫ್ರೆಂಚರು ಬಂದಾಗ ಸನ್ಯಾಸಿಗಳ ಕೈತಪ್ಪಿತು, ಆಮೇಲೆ ಸೈಕಲ್ ನಿಲ್ಲಿಸುವ ಜಾಗವೂ ಆಗಿತ್ತು. 2006ರಿಂದ ಪುಸ್ತಕದ ಅಂಗಡಿ. ಒಳಗೆ ಒಂದು ಕಡೆ ಕಪ್ಪು ಉಕ್ಕಿನ ಎತ್ತರದ ಕಪಾಟು, ಮೆಟ್ಟಿಲು ಹತ್ತಿ ಅದರೊಳಗೇ ಓಡಾಡಬಹುದು. ಮೇಲೆ ಹೋದರೆ ಚಾವಣಿಯ ಹಳೆ ಚಿತ್ರಗಳು ಹತ್ತಿರದಿಂದ ಕಾಣುತ್ತವೆ. ಕಪಾಟು ತನ್ನ ಕಾಲ ಮೇಲೆ ತಾನೇ ನಿಂತಿದೆ, ಹಳೆ ಕಂಬಗಳ ಮೇಲೆ ಭಾರ ಹಾಕಿಲ್ಲ.

ಬಾರ್ಸಿಲೋನಾದ ಟೊರ್ರೆ ಜಿರೋನಾ ಚಾಪೆಲ್ ಇನ್ನೂ ಮಜಾ. ಅಲ್ಲಿ ಮರೆನೋಸ್ಟ್ರಮ್ ಎಂಬ ಸೂಪರ್ ಕಂಪ್ಯೂಟರ್ ಇಟ್ಟಿದ್ದರು. ಚಾಪೆಲ್ ಒಳಗೆ ದೊಡ್ಡ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕಂಪ್ಯೂಟರ್. ತಂಪು ಮಾಡಬೇಕಾದ್ದು ಪೆಟ್ಟಿಗೆಯನ್ನು ಮಾತ್ರ, ಇಡೀ ಚಾಪೆಲ್ ಅಲ್ಲ. ನಾಲ್ಕು ತಲೆಮಾರಿನ ಯಂತ್ರಗಳು ಅಲ್ಲೇ ಬಂದು ಹೋದವು. ಐದನೆಯದಕ್ಕೆ ಪಕ್ಕದಲ್ಲಿ ಹೊಸ ಕಟ್ಟಡ ಮಾಡಿದರು. ಯಂತ್ರ ಹೋದರೂ ಚಾಪೆಲ್‌ಗೆ ಏನೂ ಆಗಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಟರ್ನೆಟ್ ಆರ್ಕೈವ್‌ನವರು 2009ರಲ್ಲಿ ಒಂದು ಕ್ರಿಶ್ಚಿಯನ್ ಸೈನ್ಸ್ ಚರ್ಚ್ ಕೊಂಡುಕೊಂಡರು. ಪ್ರಾರ್ಥನಾ ಹಾಲ್‌ನ ಬೆಂಚುಗಳು ಹಾಗೇ ಇವೆ, ಹಿಂದೆ ಗೋಡೆಯ ಗೂಡುಗಳಲ್ಲಿ ಸರ್ವರ್‌ಗಳ ದೀಪ ಮಿನುಗುತ್ತೆ. ಬೆಂಚಿನ ಪಕ್ಕದಲ್ಲಿ ಅಲ್ಲಿ ಕೆಲಸ ಮಾಡಿದವರ ಪುಟ್ಟ ಪುಟ್ಟ ಬೊಂಬೆ ನಿಲ್ಲಿಸಿದ್ದಾರೆ.

ನನ್ನ ಅಭಿಪ್ರಾಯ: ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಮೀಟಿಂಗ್ ರೂಮು ಅಂದರೆ ಹಾಲ್ ಒಳಗೆ ನಿಲ್ಲಿಸಿದ ಮರದ ಪೆಟ್ಟಿಗೆ. ನಾಳೆ ಬಿಚ್ಚಿ ಲಾರಿಗೆ ಹಾಕುವಂತಿರಬೇಕು.

ಬೆಮೆಲ್ ರಿಟೈರ್ಡ್:

ಎಲ್ಲರೂ ಉಕ್ಕಿನ ಕಪಾಟು, ಗಾಜಿನ ಪೆಟ್ಟಿಗೆ ಅನ್ನುತ್ತಿದ್ದೀರಿ. ನಾನು ಎಲೆಕ್ಟ್ರಿಕಲ್ ಮನುಷ್ಯ, ನನ್ನ ಚಿಂತೆ ಬೇರೆ.

1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದ ಊರು ನಮ್ಮದು. ಬೆಂಗಳೂರಿಗಿಂತ ಮೊದಲು. ಆದರೆ ಆ ಚರ್ಚಿನ ವೈರಿಂಗ್ ನೋಡಿದರೆ ಆವಾಗಿನಿಂದ ಯಾರೂ ಮುಟ್ಟಿಲ್ಲವೇನೋ ಅನಿಸುತ್ತೆ. ತಮಾಷೆಗೆ ಹೇಳಿದೆ, ಆದರೆ ಮರದ ಬ್ಯಾಟನ್ ಮೇಲೆ ಬಟ್ಟೆ ಸುತ್ತಿದ ಹಳೆ ವೈರ್ ಇರುವುದು ನಿಜ. 30 ಲ್ಯಾಪ್‌ಟಾಪ್, ಯುಪಿಎಸ್, ಟೀ ಕೆಟಲ್ ಅದರ ಮೇಲೆ ಹಾಕಿದರೆ ಒಣಗಿದ ಮರದ ಮಾಡಿಗೆ ನೀವೇ ಕಡ್ಡಿ ಗೀರಿದಂತೆ. ಹಳೆ ಸರ್ಕ್ಯೂಟ್ ಪೂರ್ತಿ ಕಡಿದುಬಿಡಿ. ಹೊಸ ಲೈನ್, ಹೊಸ ಬೋರ್ಡ್, ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್. ವೈರ್ ಗೋಡೆಯಲ್ಲಿ ಕೊರೆದು ಹಾಕಬೇಡಿ. ಮಧ್ಯದ ದಾರಿಯಲ್ಲಿ ನಾಲ್ಕಿಂಚು ಎತ್ತರದ ಮರದ ನೆಲ ಹಾಕಿ, ಅದರ ಕೆಳಗೆ ಎಳೆಯಿರಿ. ಸಿಡಿಲು ಕಂಬಿ ಗೋಪುರದಿಂದ ನೆಲದವರೆಗೆ ತುಂಡಾಗದೆ ಇದೆಯಾ ಅಂತ ಅಳೆಸಿ. ತಾಮ್ರ ಅಲ್ವಾ, ಅರ್ಧ ಕದ್ದು ಹೋಗಿರುತ್ತೆ.

ಇನ್ನೊಂದು. ಬಾಗಿಲು ಎಷ್ಟು? ಮುಂದೆ ಒಂದೇ ಇದ್ದರೆ ಬೆಂಕಿ ಬಿದ್ದರೆ ಎಲ್ಲಿ ಓಡುತ್ತೀರಿ?

ಊರಿಗಾಂ ಟೀಚರ್:

ಆಲ್ಟರ್ ಪಕ್ಕದಲ್ಲಿ ವೆಸ್ಟ್ರಿ, ಅಂದರೆ ಪಾದ್ರಿಗಳು ಸಿದ್ಧವಾಗುವ ಕೋಣೆಯ, ಬಾಗಿಲು ಇದೆ. ಅದರ ಬೀಗದ ಕೈ ನನ್ನ ಹತ್ತಿರ.

ಕಾನೂನು ಕಟ್ಟೆ:

ಟ್ರಸ್, ವೈರಿಂಗ್ ಎಲ್ಲ ಸರಿ. ಆ ಕಟ್ಟಡ ಯಾರದ್ದು?

ಕೆಜಿಎಫ್‌ನಲ್ಲಿ ಇದು ಸುಲಭದ ಪ್ರಶ್ನೆ ಅಲ್ಲ. ಕಟ್ಟಡ ಚರ್ಚಿನದ್ದು ಇರಬಹುದು, ಕೆಳಗಿನ ನೆಲ ಗಣಿಯದ್ದು ಇರಬಹುದು. ಗಣಿಯ ಜಾಗ ಬ್ರಿಟಿಷ್ ಕಂಪನಿ ಜಾನ್ ಟೇಲರ್ ಕಾಲ ದಾಟಿ, 1956ರಲ್ಲಿ ಸರ್ಕಾರದ ಕೈಗೆ ಬಂದು, ಆಮೇಲೆ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಆಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆದರೆ ಜಾಗದ ಕಾಗದ ಮುಚ್ಚಿಲ್ಲ. ಮೊದಲು ದಾಖಲೆ ತೆಗೆಸಿ. ಕಟ್ಟಡ ಚರ್ಚ್ ಆಫ್ ಸೌತ್ ಇಂಡಿಯಾಗೆ (ಸಿಎಸ್‌ಐ) ಸೇರಿದ್ದಾದರೆ ಸ್ಥಳೀಯ ಸಭಾಪಾಲಕರ ಸಹಿ ಸಾಲದು. ಆಸ್ತಿ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿರುತ್ತೆ, ಡಯಾಸಿಸ್ (ಬಿಷಪ್ ಆಡಳಿತದ ಪ್ರಾಂತ್ಯ) ಮೂಲಕ ಹೋಗಬೇಕು.

ಎರಡನೆಯದು, 11 ತಿಂಗಳ ಅಗ್ರಿಮೆಂಟ್ ಮಾಡಿಕೊಂಡು ಲಕ್ಷಗಟ್ಟಲೆ ಸುರಿಯಬೇಡಿ. ಒಂದು ವರ್ಷ ಮೀರಿದ ಲೀಸ್ ಅನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಆ ತಾಪತ್ರಯ ಬೇಡ ಅಂತಲೇ ಎಲ್ಲರೂ 11 ತಿಂಗಳು ಬರೆಯುತ್ತಾರೆ. ನಿಮಗೆ ಅದು ಸರಿಹೋಗಲ್ಲ. ಮಾಡು ರಿಪೇರಿ ಮಾಡಿಸುವವರಿಗೆ ಐದಾರು ವರ್ಷವಾದರೂ ಬೇಕು. ರಿಪೇರಿ ಖರ್ಚು ಬಾಡಿಗೆಯಲ್ಲಿ ಮುರಿದುಕೊಳ್ಳುವುದಾದರೆ ಅದನ್ನೂ ಅದರಲ್ಲೇ ಬರೆಸಿ.

ಮೂರನೆಯದು, 1991ರ ಪೂಜಾ ಸ್ಥಳಗಳ ಕಾಯ್ದೆ. ಯಾರಾದರೂ ಎತ್ತುತ್ತಾರೆ, ನಾನೇ ಹೇಳಿಬಿಡುತ್ತೇನೆ. ಅದರ 3ನೇ ಸೆಕ್ಷನ್ ಒಂದು ಪಂಗಡದ ಪೂಜಾ ಸ್ಥಳವನ್ನು ಇನ್ನೊಂದು ಪಂಗಡದ ಪೂಜಾ ಸ್ಥಳ ಮಾಡುವುದನ್ನು ತಡೆಯುತ್ತೆ. ಆಫೀಸ್ ಮಾಡುವ ಮಾತು ಅದರಲ್ಲಿಲ್ಲ. ಆದರೆ 4ನೇ ಸೆಕ್ಷನ್, 1947ರ ಆಗಸ್ಟ್ 15ರಂದು ಇದ್ದ ಧಾರ್ಮಿಕ ಸ್ವರೂಪ ಹಾಗೇ ಮುಂದುವರಿಯುತ್ತೆ ಅನ್ನುತ್ತೆ. ಇದಕ್ಕೆ ಏನು ಅರ್ಥ ಅಂತ ಇಲ್ಲಿ ಕೂತು ತೀರ್ಮಾನ ಮಾಡುವುದು ಬೇಡ. ಡಯಾಸಿಸ್‌ನ ವಕೀಲರಿಂದ ಬರವಣಿಗೆಯಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ.

ಕ್ಯಾಥೊಲಿಕರದ್ದಾಗಿದ್ದರೆ ದಾರಿ ಬೇರೆ. ಅವರ 1983ರ ಕ್ಯಾನನ್ ಕಾನೂನಿನ 1222ನೇ ನಿಯಮದಲ್ಲಿ ಇದು ನೇರವಾಗಿಯೇ ಇದೆ. ಆರಾಧನೆಗೆ ಬಳಸಲಾಗದ, ರಿಪೇರಿಯೂ ಆಗದ ಚರ್ಚನ್ನು ಬಿಷಪ್ ಲೌಕಿಕ ಬಳಕೆಗೆ ಬಿಡಬಹುದು, ಆದರೆ ಹೊಲಸು ಕೆಲಸಕ್ಕೆ ಅಲ್ಲ.

ಕೋಟೆ ಬೀದಿ ಕೋಲಾರ:

ನೋಡಿ, ಅವರ ಕಾನೂನೇ ಮಿತಿ ಹಾಕಿದೆ. ಸಂಜೆ ಆದ ಮೇಲೆ ಅಲ್ಲಿ ಪಾರ್ಟಿ ನಡೆಯಲ್ಲ ಅಂತ ಯಾರು ಗ್ಯಾರಂಟಿ?

ಆಂಡರ್‌ಸನ್‌ಪೇಟೆ ಕೋಡರ್:

ಸರ್, 30 ಜನ ಸುಸ್ತಾದ ಸಾಫ್ಟ್‌ವೇರ್‌ನವರು. ಸಂಜೆ ಆರಾದರೆ ಮನೆಗೆ ಓಡುತ್ತೇವೆ. ಯಾವ ಪಾರ್ಟಿ?

ನನ್ನ ಪ್ರಶ್ನೆ ಬೇರೆ. ದುಡ್ಡು ಹೇಗೆ ಬರುತ್ತೆ? ದಿನಕ್ಕೆ 150 ರೂಪಾಯಿ ಅಂದರೆ ನಾನು ಬರುತ್ತೇನೆ. 300 ಅಂದರೆ ಟ್ರೈನ್ ಪಾಸ್ ಇದೆ, ಬೆಂಗಳೂರಿಗೇ ಹೋಗುತ್ತೇನೆ. 20 ಜನ, ತಿಂಗಳಿಗೆ 12 ದಿನ, 150 ರೂಪಾಯಿ ಲೆಕ್ಕ ಹಾಕಿ: 36,000. ಅದರಲ್ಲಿ ಕರೆಂಟು, ನೆಟ್ಟು, ಒಬ್ಬರಿಗೆ ಸಂಬಳ, ಬಾಡಿಗೆ. ಮಾಡಿನ ರಿಪೇರಿ ಇದರಲ್ಲಿ ಯಾವ ಜನ್ಮಕ್ಕೂ ಹುಟ್ಟಲ್ಲ. ಆ ದುಡ್ಡು ಬೇರೆ ಕಡೆಯಿಂದ ಬರಬೇಕು.

ಇನ್ನೊಂದು ವಿಷಯ ಯಾರೂ ಹೇಳಿಲ್ಲ. ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಮಣ್ಣಿನ ಗುಡ್ಡದ, ಧೂಳು. ಗಾಳಿಕಾಲದಲ್ಲಿ ಕಿಟಕಿ ತೆಗೆದರೆ ಕೀಬೋರ್ಡ್ ಮೇಲೆ ಬೂದಿ ಬಳಿದ ಹಾಗೆ ಕೂರುತ್ತೆ. 13 ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯಲು 2024ರಲ್ಲಿ ರಾಜ್ಯ ಸಂಪುಟ ಒಪ್ಪಿದೆ. ಅಗೆಯಲು ಶುರು ಮಾಡಿದರೆ ಧೂಳು ಇನ್ನೂ ಜಾಸ್ತಿ. ದಿಬ್ಬದ ಕಡೆಯ ಕಿಟಕಿಗೆ ಏನಾದರೂ ಯೋಚನೆ ಮಾಡಿ.

ಗಾರೆ ಸುಣ್ಣ:

ಧೂಳಿನ ಮಾತು ಸರಿ. ಆ ಕಡೆಯ ಕಿಟಕಿಗೆ ಒಳಗಿನಿಂದ ಇನ್ನೊಂದು ಗಾಜಿನ ಚೌಕಟ್ಟು ನಿಲ್ಲಿಸಬಹುದು, ಹಳೆ ಚೌಕಟ್ಟು ಮುಟ್ಟದೆ. ಗಾಳಿ ಬೇಕಾದರೆ ಅದರ ಎದುರು ಬದಿಯ ಗೋಡೆಯ ಕಿಟಕಿ ತೆರೆಯಿರಿ. ಮಾಡಿನ ನೆತ್ತಿಯಲ್ಲಿ ಗಾಳಿಗಂಡಿ ಇದ್ದರೆ ಅದರ ಮೇಲೆ ಮುಚ್ಚಿದ್ದೆಲ್ಲ ತೆಗೆಸಿ, ಪಾರಿವಾಳಕ್ಕೆ ಬಲೆ ಹಾಕಿಸಿ. ಬಿಸಿಗಾಳಿ ಮೇಲೆ ಹೋಗಲು ದಾರಿ ಇದ್ದರೆ ಕೆಜಿಎಫ್‌ನಲ್ಲಿ ಹಾಲ್‌ಗೆ ಎಸಿ ಬೇಕಾಗಲ್ಲ. 800 ಮೀಟರ್‌ಗಿಂತ ಎತ್ತರದ ಊರು. ಏಪ್ರಿಲ್ ಒಂದು ತಿಂಗಳು ಉದ್ದ ಕಂಬಿಯ ಫ್ಯಾನ್ ಸಾಕು.

ಎಲ್ಲರೂ ಮರೆತಿರುವುದು ಸದ್ದು. ಹಾಲ್ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ. ಕಲ್ಲು, ಗಾಜು, ಗಟ್ಟಿ ನೆಲ, ಅಷ್ಟು ಎತ್ತರ. ನಿಮ್ಮ ಅಳತೆಗೆ ನನ್ನ ಅಂದಾಜು, ಸದ್ದು ಸಾಯಲು ಮೂರು ಸೆಕೆಂಡ್ ಬೇಕು. ಕೀರ್ತನೆ ಹಾಡಲು ಅದು ಬಹಳ ಚೆಂದ. ಐದು ಜನ ಒಟ್ಟಿಗೆ ಕಾಲ್‌ನಲ್ಲಿ ಮಾತಾಡಿದರೆ ಸಂತೆ. ಮಾತಿಗೆ ಒಂದು ಸೆಕೆಂಡಿಗಿಂತ ಕಡಿಮೆ ಇರಬೇಕು. ಹಾಗಾಗಿ ಕಾಲ್ ಎಲ್ಲ ಪೆಟ್ಟಿಗೆಯೊಳಗೆ, ಹಾಲ್‌ನಲ್ಲಿ ಸುಮ್ನೆ ಕೂತು ಮಾಡುವ ಕೆಲಸ ಮಾತ್ರ. ಟ್ರಸ್‌ಗಳ ನಡುವೆ ಕಂಬಳಿ ಇಳಿಬಿಡಿ. ಕುರಿ ಉಣ್ಣೆಯ ದಪ್ಪ ಕಂಬಳಿ ಸದ್ದನ್ನು ಚೆನ್ನಾಗಿ ಕುಡಿಯುತ್ತೆ, ಬೇಡ ಅಂದಾಗ ಮಡಚಿಡಬಹುದು.

ಡಚ್ಚರ ನಾಡಿನ ಮುಳಬಾಗಿಲು:

ಕಂಬಳಿ! ಇಲ್ಲಿನ ಆರ್ಕಿಟೆಕ್ಟ್‌ಗಳು ಇದಕ್ಕೆ ಸಾವಿರಾರು ಯೂರೋ ಬಿಲ್ ಮಾಡುತ್ತಾರೆ.

ಊರಿಗಾಂ ಟೀಚರ್:

ಒಂದು ವಿಷಯ ಗಮನದಲ್ಲಿರಲಿ. ಟಾಯ್ಲೆಟ್ ಎಲ್ಲಿ ಕಟ್ಟುತ್ತೀರಿ? ಚರ್ಚಿನ ಹಿಂದೆ ಖಾಲಿ ಜಾಗ ಕಾಣುತ್ತೆ, ಅದು ಖಾಲಿ ಅಲ್ಲ. ಲಂಟಾನ ಬೆಳೆದು ಮುಚ್ಚಿದೆ, ಕೆಳಗೆ ಸಮಾಧಿಗಳಿವೆ. ಕಾರ್ನ್‌ವಾಲ್‌ನಿಂದ ಬಂದ ಗಣಿಯವರು ಮೂವರೋ ನಾಲ್ವರೋ, ಉಳಿದವು ಚಿಕ್ಕ ಮಕ್ಕಳದ್ದು. ಅಲ್ಲಿ ಗುದ್ದಲಿ ಇಡಕೂಡದು. ಒಳಗೆ ಗೋಡೆಯಲ್ಲಿರುವ ಹಿತ್ತಾಳೆ ಫಲಕಗಳನ್ನು ಬಿಚ್ಚಿ ‘ಸೇಫ್ ಆಗಿ’ ಇಡುತ್ತೇವೆ ಅಂತಲೂ ಹೇಳಬೇಡಿ. ಹಾಗೆ ಸೇಫ್ ಆಗಿ ಇಟ್ಟ ಎರಡು ದೀಪಗಳು ಎಲ್ಲಿವೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ರಾಕೆಟ್ ರಾಗಿಮುದ್ದೆ:

ಕೇರಳದಲ್ಲಿ ಇನ್ನೊಂದು ಉದಾಹರಣೆ ಇದೆ. ಚೇಂದಮಂಗಲಂ, ಪರವೂರಿನ ಯಹೂದಿ ಸಿನಗಾಗ್‌ಗಳು. ಸಭೆಯವರು ಇಸ್ರೇಲ್‌ಗೆ ಹೋದ ಮೇಲೆ ಖಾಲಿ ಬಿದ್ದಿದ್ದವು. ಸರಿಪಡಿಸಿ ಮ್ಯೂಸಿಯಂ ಮಾಡಿದ್ದಾರೆ, ಈಗ ಕೇರಳ ಸರ್ಕಾರದ ಮುಜಿರಿಸ್ ಪಾರಂಪರಿಕ ಯೋಜನೆಯಲ್ಲಿವೆ. ಆದರೆ ಅಲ್ಲಿ ಕೇಳಲು ಊರಿನಲ್ಲಿ ಜನವೇ ಉಳಿದಿರಲಿಲ್ಲ. ನಿಮಗೆ ಟೀಚರ್ ಇದ್ದಾರೆ, ಅದೃಷ್ಟ.

ಮಾರಿಕುಪ್ಪಂ ಪ್ಯಾಸೆಂಜರ್:

ಮೊನ್ನೆ ಟೀಚರ್ ಮನೆಗೆ ಹೋಗಿದ್ದೆವು. ಸಭಾಪಾಲಕರೂ ಬಂದಿದ್ದರು. ‘ತುಂಬಾ’ ಊರಿನ ರಾಕೆಟ್ ಕಥೆ ಅವರಿಗೆ ಗೊತ್ತಿತ್ತು, ಅದನ್ನೇ ಮೊದಲು ಎತ್ತಿದರು. ಮಾತಾಡಿದ್ದು ಇಷ್ಟು.

ದೊಡ್ಡ ಹಾಲ್‌ಗೆ ಈಗಲೇ ಕೈ ಹಾಕುವುದು ಬೇಡ. ಮೊದಲು ಪಕ್ಕದ ಸಂಡೇ ಸ್ಕೂಲ್ ಕಟ್ಟಡ. ಅದು ಪೂಜಾ ಸ್ಥಳವಲ್ಲ, ಮಾಡೂ ಗಟ್ಟಿಯಾಗಿದೆ, ಟಾಯ್ಲೆಟ್ ಇದೆ. 12 ಸೀಟು ಹಿಡಿಯುತ್ತೆ. ಅಲ್ಲಿ ಒಂದು ವರ್ಷ ನಡೆಸಿ ತೋರಿಸಿದರೆ ಹಾಲ್ ವಿಷಯ ಸಭೆಯ ಮುಂದೆ ಇಡುತ್ತಾರಂತೆ. ಬಾಡಿಗೆಯ ದುಡ್ಡು ಡಯಾಸಿಸ್‌ನ ಬೇರೆ ಖರ್ಚಿಗೆ ಹೋಗಬಾರದು, ಇದೇ ಮಾಡಿಗೆ ಅಂತ ಪ್ರತ್ಯೇಕ ಖಾತೆಯಲ್ಲಿ ಇರಬೇಕು. ಇದು ಟೀಚರ್ ಹಾಕಿದ ಷರತ್ತು, ಸಭಾಪಾಲಕರು ತಲೆ ಕೆರೆದುಕೊಂಡು ಕೇಳಿ ನೋಡುತ್ತೇನೆ ಅಂದರು. ಭಾನುವಾರ ಪೂರ್ತಿ ರಜೆ. ಮದುವೆ, ಸಾವು ಇದ್ದ ದಿನ ನಾವು ಜಾಗ ಖಾಲಿ ಮಾಡಬೇಕು. ಕುಡಿತ, ಸಿಗರೇಟು ಇಲ್ಲ.

ಹಾಲ್ ಮುಂದೆ ಸಿಕ್ಕರೂ ಆಲ್ಟರ್ ಕಡೆಯ ಮೂರನೇ ಒಂದು ಭಾಗ ಹಾಗೇ ಬಿಡಬೇಕು. ಇಂಗ್ಲೆಂಡಿನ ಹೆರೆಫೋರ್ಡ್‌ನ ಆಲ್ ಸೇಂಟ್ಸ್ ಚರ್ಚಿನಲ್ಲಿ ಒಂದು ಕಡೆ ಕೆಫೆ, ಇನ್ನೊಂದು ಕಡೆ ಆರಾಧನೆ ನಡೆಯುತ್ತೆ ಅಂತ ಸಭಾಪಾಲಕರೇ ಹೇಳಿದರು. ಅವರಿಗೆ ನಮಗಿಂತ ಜಾಸ್ತಿ ಗೊತ್ತು.

ಕೋಟೆ ಬೀದಿ ಕೋಲಾರ:

ಸಂಡೇ ಸ್ಕೂಲ್ ಕಟ್ಟಡ ಆದರೆ ನನ್ನ ತಕರಾರಿಲ್ಲ. ಹಾಲ್ ವಿಷಯದಲ್ಲಿ ನನ್ನ ಮಾತು ಮೊದಲಿನದ್ದೇ. ಸಭೆಯವರು ಒಪ್ಪಿದರೆ ಅದು ಅವರಿಷ್ಟ, ನನಗೆ ಸರಿ ಅನಿಸಬೇಕು ಅಂತಿಲ್ಲ.

ಕಾನೂನು ಕಟ್ಟೆ:

ಪ್ರತ್ಯೇಕ ಖಾತೆ ಮಾತು ಅಗ್ರಿಮೆಂಟ್‌ನಲ್ಲೇ ಬರಲಿ, ಬಾಯಿಮಾತು ಬೇಡ. ನಗರಸಭೆಯ ಟ್ರೇಡ್ ಲೈಸೆನ್ಸ್ ಕೂಡ ಈಗಲೇ ವಿಚಾರಿಸಿ.

ಗಾರೆ ಸುಣ್ಣ:

ಸಂಡೇ ಸ್ಕೂಲ್ ಮೊದಲು ಅನ್ನುವುದು ಬುದ್ಧಿವಂತಿಕೆ. ಆದರೆ ಆ ಒಂದು ವರ್ಷ ದೊಡ್ಡ ಮಾಡು ಕಾಯಲ್ಲ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಒಡೆದ ಹೆಂಚು ಬದಲಾಯಿಸಿ, ಮಳೆನೀರಿನ ಪೈಪು ಬಿಡಿಸಿ, ಗೋಡೆ ಬುಡದಲ್ಲಿ ನೀರು ನಿಲ್ಲದ ಹಾಗೆ ಮಾಡಿ. ಹೆಂಚು ನನ್ನ ಹತ್ತಿರ ಹಳೆಯದು ಒಂದಷ್ಟಿದೆ. ಅಚ್ಚಿನ ಫೋಟೋ ಕಳಿಸಿದರೆ ಹೊಂದುತ್ತಾ ನೋಡುತ್ತೇನೆ. ಈ ಶನಿವಾರ ಬಂದು ಟ್ರಸ್ ತುದಿಗಳನ್ನು ಒತ್ತಿ ನೋಡುತ್ತೇನೆ, ಫೀಸ್ ಬೇಡ. 20 ಅಡಿ ಏಣಿ ಮಾತ್ರ ಬೇಕು, ನನ್ನದು ಬೇರೆ ಸೈಟ್‌ನಲ್ಲಿದೆ.

ಬೆಮೆಲ್ ರಿಟೈರ್ಡ್:

ಅಲ್ಯೂಮಿನಿಯಂ ಏಣಿ ನನ್ನ ಹತ್ತಿರ ಇದೆ, 22 ಅಡಿ. ಟೆಂಪೋ ನೀವೇ ತರಬೇಕು. ವೈರ್‌ನ ಇನ್ಸುಲೇಷನ್ ಅಳೆಯುವ ಮೆಗ್ಗರ್ ತರುತ್ತೇನೆ, ವೈರಿಂಗ್ ಅವತ್ತೇ ನೋಡಿಬಿಡೋಣ.

ಊರಿಗಾಂ ಟೀಚರ್:

ಹತ್ತು ಗಂಟೆಗೆ ಬನ್ನಿ. ವೆಸ್ಟ್ರಿ ಬಾಗಿಲು ಬಿಗಿಯಾಗಿದೆ, ಸ್ವಲ್ಪ ಎಣ್ಣೆ ತನ್ನಿ.

ಟೇಕಲ್ ತಿಂಡಿಪೋತ:

ವಡೆ ನಾನು ತರುತ್ತೇನೆ.